ಕ್ಯಾನ್ಸರ್ ಚಿಕಿತ್ಸೆ ಮತ್ತು ಕೆಲಸ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ನಾನು ಗುಮಾಸ್ತೆ. ಹತ್ತು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್ ಆಯಿತು. ಆಪರೇಶನ್, ಕೀಮೋ, ರೇಡಿಯೇಶನ್ ಮೂರನ್ನೂ ಮುಗಿಸಿ ಅದೇ ಕೌಂಟರಿಗೆ ಮರಳಿದೆ. ಆಮೇಲೆ ಬಿಡುವಿನ ದಿನಗಳಲ್ಲಿ ಪಂಚಾಯತಿನ ಪಾಲಿಯೇಟಿವ್ ನರ್ಸ್ (ದೀರ್ಘ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡಲು ಮನೆಗೆ ಬರುವವರು) ಜೊತೆ ಮನೆಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ನೋವು, ಊಟ, ನಿದ್ದೆಯ ಪ್ರಶ್ನೆಗಳನ್ನು ಜನ ನರ್ಸ್ ಹತ್ತಿರ ಕೇಳುತ್ತಾರೆ. ಕೆಲಸದ ಪ್ರಶ್ನೆಯನ್ನು ಮಾತ್ರ ನಾವು ಹೊರಟ ಮೇಲೆ, ಗೇಟಿನ ತನಕ ಬಂದು, ಮೆಲ್ಲನೆ ನನ್ನಲ್ಲಿ ಕೇಳುತ್ತಾರೆ. ಹಾಗೆ ಕೇಳಿದವು, ಕಾಗದದಲ್ಲಿ ಬರೆದು ಕಳಿಸಿದವು, ಬಸ್ಸಿನಲ್ಲಿ ಪಕ್ಕ ಕುಳಿತು ಕೇಳಿದವು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ದಿನಗಳು

ಅಕ್ಕಾ, ರಿಪೋರ್ಟು ಬಂತು. ಕೆಲಸ ಬಿಡ್ಲೇಬೇಕಾ?

ಬೇಡ. ಈ ವಾರ ಬೇಡವೇ ಬೇಡ.

ಬಯಾಪ್ಸಿ ರಿಪೋರ್ಟು ಕೈಗೆ ಬಂದ ರಾತ್ರಿ ನಾನು ರಾಜೀನಾಮೆ ಪತ್ರ ಬರೆದಿದ್ದೆ. ಮರುದಿನ ಅದನ್ನು ಕಾರ್ಯದರ್ಶಿಗಳ ಮೇಜಿಗೆ ಮುಟ್ಟಿಸಿ ಎಂದು ನಮ್ಮ ಹಿರಿಯ ಅಟೆಂಡರ ಕೈಯಲ್ಲಿ ಕೊಟ್ಟರೆ ಅವರು ಓದಿ, ಮಡಚಿ, ತಮ್ಮ ಕಿಸೆಗೆ ಹಾಕಿಕೊಂಡರು. “ರಜೆ ಅರ್ಜಿ ಬರೆಯಿರಿ, ಅದನ್ನು ಕೊಡ್ತೇನೆ” ಎಂದರು. ನನ್ನ ಸಂಬಳ, ನನ್ನ ಪಿ.ಎಫ್., ನನ್ನ ಮಗಳ ಕಾಲೇಜು ಎಲ್ಲವೂ ಉಳಿದದ್ದು ಆ ಒಂದು ಮಾತಿನಿಂದ.

ರೋಗ ಇದೆ ಎಂದು ತಿಳಿದ ದಿನಕ್ಕೂ ಚಿಕಿತ್ಸೆ ಏನು, ಎಷ್ಟು ತಿಂಗಳು ಎಂದು ತೀರ್ಮಾನವಾಗುವ ದಿನಕ್ಕೂ ನಡುವೆ ಎರಡು ಮೂರು ವಾರವಾದರೂ ಹೋಗುತ್ತದೆ. ಸ್ಕ್ಯಾನ್ ಆಗಬೇಕು, ಇನ್ನೂ ಕೆಲವು ಪರೀಕ್ಷೆಗಳ ಫಲ ಬರಬೇಕು. ಅಷ್ಟರೊಳಗೆ ನಿಮಗೆ ಬೇಕಾದದ್ದು ಹದಿನೈದು ದಿನದ ರಜೆ ಮಾತ್ರ. ಕೆಲವರಿಗೆ ಆಪರೇಶನ್ ಒಂದರಲ್ಲೇ ಮುಗಿಯುತ್ತದೆ, ಒಂದೂವರೆ ತಿಂಗಳಲ್ಲಿ ಮರಳುತ್ತಾರೆ. ಕೆಲವರಿಗೆ ಎಂಟು ಒಂಬತ್ತು ತಿಂಗಳು ಹಿಡಿಯುತ್ತದೆ. ಯಾವುದು ನಿಮ್ಮದು ಎಂದು ತಿಳಿಯುವ ಮೊದಲೇ ಕೆಲಸ ಬಿಟ್ಟರೆ ಅದರ ಜೊತೆಗೆ ರಜೆಯ ಸಂಬಳ, ವಿಮೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಎಲ್ಲ ಹೋಗುತ್ತದೆ. ಬಿಟ್ಟ ಕೆಲಸ ಮತ್ತೆ ಸಿಗುವುದು ನಮ್ಮ ಜಿಲ್ಲೆಯಲ್ಲಿ ಎಷ್ಟು ಕಷ್ಟ ಎಂದು ನಾನು ಹೇಳಬೇಕಾಗಿಲ್ಲ.

ಧಣಿಗಳಿಗೆ ಏನು ರೋಗ ಅಂತ ಹೇಳ್ಬೇಕಾ? ಹೇಳದಿದ್ರೆ ಆಗ್ತದಾ?

ಸಣ್ಣ ರಜೆಗೆ “ಚಿಕಿತ್ಸೆ ಇದೆ” ಎಂದರೆ ಸಾಕು. ದೀರ್ಘ ರಜೆ, ಇಎಸ್‌ಐ, ವಿಮೆ ಬೇಕಾದರೆ ಸರ್ಟಿಫಿಕೇಟಿನಲ್ಲಿ ರೋಗದ ಹೆಸರು ಬಂದೇ ಬರುತ್ತದೆ, ಮುಚ್ಚಿಡಲು ಆಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೇಲಿನವರೊಬ್ಬರಿಗೆ ನೀವೇ ನೇರವಾಗಿ ಹೇಳುವುದು ಒಳ್ಳೆಯದು. ನಮ್ಮ ಪೇಟೆಗಳು ಸಣ್ಣವು. ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ನಿಮ್ಮನ್ನು ಕಂಡವರು ನಿಮಗಿಂತ ಮೊದಲು ಅಂಗಡಿಗೆ ಸುದ್ದಿ ಮುಟ್ಟಿಸುತ್ತಾರೆ, ಅದೂ ದುಪ್ಪಟ್ಟು ಮಾಡಿ.

ಹೇಳುವಾಗ ರೋಗದ ಕಥೆಯನ್ನು ಎರಡು ವಾಕ್ಯಕ್ಕೆ ನಿಲ್ಲಿಸಿ, ಕೆಲಸದ ಮಾತನ್ನು ಹೆಚ್ಚು ಆಡಿ. ಎಂದಿನಿಂದ ಎಂದಿನ ತನಕ ಬರಲಾಗುವುದಿಲ್ಲ, ಬಂದಾಗ ಯಾವ ಕೆಲಸ ಮಾಡಬಲ್ಲೆ, ಯಾವುದು ಆಗದು, ನನ್ನ ಬದಲಿಗೆ ಯಾರನ್ನು ನೋಡಬಹುದು. “ನನ್ನದು ಹೀಗಾಯಿತು, ಏನು ಮಾಡುವುದು?” ಎಂದು ಕೇಳಿದರೆ ಅವರೂ ಹೆದರಿ “ನೀವು ಆರಾಮ ಮಾಡಿ, ಬರಬೇಡಿ” ಎಂದುಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಆ ಮಾತಿಗೆ ಎಷ್ಟೋ ಮಂದಿ ಕೆಲಸ ಕಳೆದುಕೊಂಡಿದ್ದಾರೆ.

ಸಹೋದ್ಯೋಗಿಗಳಿಗೆ ಯಾರು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ.

ಒಟ್ಟಿಗೆ ಊಟಕ್ಕೆ ಕೂತುಕೊಳ್ಳುವವರು ದೂರ ಸರಿಯುತ್ತಾರೆ. ಅಂಟುತ್ತದಾ ಇದು?

ಅಂಟುವುದಿಲ್ಲ. ಬುತ್ತಿ ಹಂಚಿಕೊಂಡರೆ, ಒಂದೇ ಬಾತ್‌ರೂಮು ಬಳಸಿದರೆ, ಕೈ ಹಿಡಿದರೆ ಯಾರಿಗೂ ಬರುವುದಿಲ್ಲ. ಯಂತ್ರದ ಕೆಳಗೆ ಮಲಗಿಸಿ ಕೊಡುವ ರೇಡಿಯೇಶನ್ ದೇಹದಲ್ಲಿ ಉಳಿಯುವುದಿಲ್ಲ, ಬಸುರಿಯರ ಪಕ್ಕ ಕುಳಿತುಕೊಳ್ಳಲೂ ಭಯವಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ಅಯೋಡಿನ್ ಮದ್ದು ಮಾತ್ರ ಬೇರೆ. ಅದಾದ ಮೇಲೆ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಲು ಆಸ್ಪತ್ರೆಯವರೇ ಹೇಳುತ್ತಾರೆ, ಆ ದಿನಗಳು ಕಳೆದ ಮೇಲೆ ಕೆಲಸಕ್ಕೆ ಬರಬಹುದು.

ನನಗೆ ಹೋಗ್ಲಿಕ್ಕೆ ಮನಸ್ಸುಂಟು. ಮನೆಯವರೇ ಬಿಡುವುದಿಲ್ಲ, ನಾಲ್ಕು ಜನ ಏನು ಹೇಳ್ತಾರೆ ಅಂತಾರೆ.

ಇದನ್ನು ಕೇಳುವವರು ಹೆಚ್ಚಾಗಿ ಹೆಂಗಸರು. “ಹುಷಾರಿಲ್ಲದವಳನ್ನು ದುಡಿಯಲಿಕ್ಕೆ ಕಳಿಸುತ್ತಾರೆ” ಎಂಬ ಮಾತಿಗೆ ಗಂಡ, ಅತ್ತೆ, ಅಣ್ಣ ಎಲ್ಲರೂ ಹೆದರುತ್ತಾರೆ. ಅವರನ್ನು ಒಮ್ಮೆ ಡಾಕ್ಟರ ಎದುರಿಗೆ ಕರೆದುಕೊಂಡು ಹೋಗಿ ಅಲ್ಲೇ ಪ್ರಶ್ನೆ ಕೇಳಿ. ಹೆಚ್ಚಿನ ಡಾಕ್ಟರರು ಆಗುವಷ್ಟು ನಡೆಯಿರಿ, ಆಗುವಷ್ಟು ಕೆಲಸ ಮಾಡಿ ಎಂದೇ ಹೇಳುತ್ತಾರೆ. ಮೈ ಅಲುಗಾಡಿಸದೆ ಮಲಗಿದರೆ ಚಿಕಿತ್ಸೆಯ ಸುಸ್ತು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇನ್ನೊಂದು ಮಾತೂ ನಿಜ. ಹೊರಗಿನ ಕೆಲಸಕ್ಕೆ ಬೇಡ ಎನ್ನುವ ಮನೆಗಳಲ್ಲಿ ನೀರು ಸೇದುವುದು, ಒಲೆ ಮುಂದೆ ನಿಲ್ಲುವುದು ತಪ್ಪಿದ್ದನ್ನು ನಾನು ಕಂಡದ್ದು ಕಡಿಮೆ. ಆಫೀಸಿಗೆ ಹೋಗಬೇಕಾದರೆ ಮನೆಯ ಕೆಲಸದಲ್ಲಿ ಯಾರು ಏನು ಹೊರುತ್ತಾರೆ ಎಂಬುದನ್ನು ಮೊದಲು ಮಾತಾಡಿ.

## ಚಿಕಿತ್ಸೆ ನಡೆಯುವಾಗ

ಕೀಮೋ ಇರುವಾಗ ಯಾವ ದಿನ ಹೋಗಬಹುದು, ಯಾವ ದಿನ ಹೋಗಬಾರದು?

ಗೋಡೆಯ ಕ್ಯಾಲೆಂಡರ್ ಒಂದನ್ನು ಇದಕ್ಕೇ ಇಟ್ಟುಕೊಳ್ಳಿ. ಮೂರು ವಾರಕ್ಕೊಮ್ಮೆ ಕೀಮೋ ಎಂದುಕೊಳ್ಳೋಣ. ಹಲವು ಮಂದಿಗೆ ಮೊದಲ ದಿನ, ಎರಡನೆಯ ದಿನ ಅಷ್ಟು ಕಷ್ಟವಿರುವುದಿಲ್ಲ. ಜೊತೆಯಲ್ಲಿ ಕೊಟ್ಟ ಸ್ಟೀರಾಯ್ಡಿನ ಬಲ ಅದು. ಅದು ಇಳಿದ ಮೇಲೆ ಮೂರನೆಯ, ನಾಲ್ಕನೆಯ ದಿನ ಕಾಲೆತ್ತಲಾಗದಷ್ಟು ಸುಸ್ತು. ಆಮೇಲೆ ಊಟ ರುಚಿಸತೊಡಗುತ್ತದೆ, ಗುಣವಾಯಿತು ಎಂದೆನಿಸುತ್ತದೆ. ಆದರೆ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ರಕ್ತದಲ್ಲಿ ಬಿಳಿಕಣಗಳು ತೀರಾ ಇಳಿಯುವುದು ಸಾಮಾನ್ಯ. ಮೈಗೆ ಚೆನ್ನಾಗಿದೆ ಎಂದು ತೋರುವ ಈ ವಾರವೇ ಸೋಂಕಿನ ಭಯ ಹೆಚ್ಚಿನದು. ಮೂರನೆಯ ವಾರ ಸಾಮಾನ್ಯವಾಗಿ ಒಳ್ಳೆಯ ವಾರ.

ಆದುದರಿಂದ ಕೌಂಟರು, ಕ್ಲಾಸು, ಬಸ್ಸು, ಅಂಗನವಾಡಿ ಹೀಗೆ ಜನರ ಒಡನಾಟದ ಕೆಲಸವಾದರೆ ಎರಡನೆಯ ವಾರ ಒಳಗಿನ ಕೆಲಸ ಕೇಳಿ. ನಾನು ಆ ವಾರ ಹಿಂದಿನ ಕೋಣೆಯಲ್ಲಿ ಸಾಲ ನವೀಕರಣದ ಕಡತ ನೋಡುತ್ತಿದ್ದೆ. ಕೀಮೋ ದಿನವನ್ನು ಗುರುವಾರ ಇಡಲು ಆಗುತ್ತದೆಯೇ ಎಂದು ಕೇಳಿದರೆ ಕೆಟ್ಟ ದಿನಗಳು ಶನಿವಾರ, ಭಾನುವಾರಕ್ಕೆ ಬೀಳುತ್ತವೆ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಮೊದಲ ಎರಡು ಸಲ ನಿಮ್ಮ ಮೈ ಹೇಗೆ ನಡೆಯಿತು ಎಂದು ದಿನ ದಿನವೂ ಒಂದು ಸಾಲು ಬರೆದಿಡಿ. ಮೂರನೆಯ ಸಲಕ್ಕೆ ಧಣಿಗಳ ಹತ್ತಿರ “ಈ ಆರು ದಿನ ಇಲ್ಲ, ಮತ್ತೆಲ್ಲ ಬರುತ್ತೇನೆ” ಎಂದು ಗಟ್ಟಿಯಾಗಿ ಹೇಳಬಹುದು.

ಒಂದು ಎಚ್ಚರಿಕೆ. ಕೀಮೋ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಡ್ಯೂಟಿ ಮುಗಿಯಲಿ, ಸಂಜೆ ನೋಡೋಣ ಎನ್ನಬೇಡಿ. ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಇದು ನಿಮ್ಮ ಪಕ್ಕದ ಮೇಜಿನವರಿಗೂ ಗೊತ್ತಿರಲಿ.

ದಿನಾ ಕರೆಂಟು ಕೊಡ್ಲಿಕ್ಕೆ ಮಂಗಳೂರಿಗೆ ಹೋಗ್ಬೇಕು. ಕೆಲಸಕ್ಕೆ ಯಾವಾಗ ಹೋಗುವುದು?

ಜನ ಕರೆಂಟು ಎನ್ನುವ ರೇಡಿಯೇಶನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಮೂರರಿಂದ ಏಳು ವಾರ. ಮೇಜಿನ ಮೇಲೆ ಮಲಗುವುದು ಹತ್ತಿಪ್ಪತ್ತು ನಿಮಿಷ. ಉಳಿದ ಹೊತ್ತೆಲ್ಲ ತಿನ್ನುವುದು ದಾರಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಪೆರ್ಲ, ಮುಳ್ಳೇರಿಯದ ಒಳಗಿನಿಂದ ಬರುವವರಿಗೆ ಬಸ್ಸು ಬದಲಿಸುವ ಹೊತ್ತೂ ಸೇರುತ್ತದೆ. ದಿನದ ಮೊದಲ ಸರದಿ ಅಥವಾ ಕೊನೆಯ ಸರದಿ ಕೊಡಿ, ಕೆಲಸಕ್ಕೆ ಹೋಗುವವಳು ಎಂದು ಮೊದಲ ದಿನವೇ ವಿಭಾಗದಲ್ಲಿ ಹೇಳಿ. ಉಪ್ಪಳ, ಮಂಜೇಶ್ವರ, ಹೊಸಂಗಡಿಯವರು ಹೀಗೆ ಅರ್ಧ ದಿನ ದುಡಿದದ್ದನ್ನು ಕಂಡಿದ್ದೇನೆ. ಒಳನಾಡಿನವರಿಗೆ ಅರ್ಧ ದಿನದ ಆಸೆ ಬೇಡ ಎನ್ನುತ್ತೇನೆ. ಅಷ್ಟು ವಾರ ಪೂರ್ತಿ ರಜೆ ಹಾಕಿ, ಆಸ್ಪತ್ರೆಯ ಹತ್ತಿರ ನೆಂಟರಿದ್ದರೆ ಅಲ್ಲೇ ನಿಲ್ಲಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿಗೆ ಹೋಗುವವರಂತೂ ಹೀಗೇ ಮಾಡಬೇಕು.

ಸುಸ್ತು ರೇಡಿಯೇಶನ್ನಿನಲ್ಲಿ ಕೊನೆಯ ವಾರಗಳಿಗೆ ಏರುತ್ತದೆ, ಮುಗಿದ ಮೇಲೂ ಕೆಲವು ವಾರ ಇರುತ್ತದೆ. ರಜೆ ಎಣಿಸುವಾಗ ಆ ವಾರಗಳನ್ನೂ ಸೇರಿಸಿ.

ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರಿಯಾಯಿತಿ ಸರ್ಟಿಫಿಕೇಟು ಪಡೆಯಿರಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ಉಚಿತ, ಸೆಕೆಂಡ್ ಕ್ಲಾಸಿನಲ್ಲಿ ನೂರಕ್ಕೆ 75 ರಿಯಾಯಿತಿ. ಜೊತೆಗೆ ಹೋಗುವ ಒಬ್ಬರಿಗೂ ನೂರಕ್ಕೆ 75 ಸಿಗುತ್ತದೆ.

ಬೀಡಿ ಕಟ್ಟುವವಳು ನಾನು. ಬೆರಳ ತುದಿ ಜೋಮು ಹಿಡಿದು ಎಲೆ ಸುರುಳಿಯೇ ಆಗುವುದಿಲ್ಲ.

ಕೆಲವು ಕೀಮೋ ಮದ್ದುಗಳು, ಅದರಲ್ಲೂ ಪ್ಯಾಕ್ಲಿಟಾಕ್ಸೆಲ್, ಆಕ್ಸಾಲಿಪ್ಲಾಟಿನ್, ಕೈಕಾಲಿನ ತುದಿಯ ನರಗಳಿಗೆ ಪೆಟ್ಟು ಕೊಡುತ್ತವೆ. ನನಗೂ ನೋಟು ಎಣಿಸುವಾಗ ಎರಡು ನೋಟು ಒಂದೇ ಎಂದು ತೋರುತ್ತಿತ್ತು. ಗುಂಡಿ ಹಾಕಲು ಕಷ್ಟ, ಸೂಜಿ ಹಿಡಿಯಲು ಕಷ್ಟ. ಇದನ್ನು ಡಾಕ್ಟರಿಗೆ ಹೇಳದೆ ಸಹಿಸಬೇಡಿ. ಮೊದಲೇ ಗೊತ್ತಾದರೆ ಅವರು ಮದ್ದಿನ ಪ್ರಮಾಣ ಇಳಿಸಬಹುದು, ಮದ್ದನ್ನೇ ಬದಲಿಸಬಹುದು. ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಳಲ್ಲಿ ಹಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ.

ಅಷ್ಟು ತಿಂಗಳು ಬೆರಳ ತುದಿಯನ್ನು ನಂಬಿದ ಕೆಲಸ ಬೇಡ. ಬೀಡಿಯಲ್ಲಾದರೆ ಮನೆಯ ಇನ್ನೊಬ್ಬರು ಸುತ್ತಲಿ, ನೀವು ಎಣಿಸಿ ಕಟ್ಟು ಮಾಡಿ, ಬ್ರಾಂಚಿನ ಲೆಕ್ಕ ನೋಡಿ. ಹೊಗೆಸೊಪ್ಪಿನ ಧೂಳಿನಿಂದ ಆ ಕಾಲದಲ್ಲಿ ದೂರ ಇರುವುದೂ ಒಳ್ಳೆಯದೇ. ಅಡಿಕೆ ಸುಲಿಯುವವರು ಮೆಟ್ಟುಕತ್ತಿಯಿಂದ ಏಳಲೇಬೇಕು. ತಾಗಿದ್ದು ಗೊತ್ತಾಗುವುದಿಲ್ಲ, ಬಿಳಿಕಣ ಕಡಿಮೆ ಇರುವಾಗ ಸಣ್ಣ ಗಾಯವೂ ಕೀವಾಗುತ್ತದೆ. ಒಣಗಿದ ಅಡಿಕೆಯಲ್ಲಿ ಪಟೋರ, ಕರಿಗೋಟು ಎಂಬ ಕಡಿಮೆ ದರ್ಜೆಯವನ್ನು ಹೆಕ್ಕಿ ಬೇರೆ ಮಾಡುವ ಕೆಲಸಕ್ಕೆ ಕುಳಿತುಕೊಳ್ಳಬಹುದು. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಣ್ಣಗಿನದು ಮುಟ್ಟಿದರೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಕಡಪ್ಪುರದಲ್ಲಿ ಮೀನು ಮಾರುವ ಅಕ್ಕಂದಿರು ಐಸು ಮುಟ್ಟುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟು ತೂಕ, ಹಣದ ಕಡೆ ಕುಳಿತುಕೊಳ್ಳಿ.

ತೋಟದ ಕೆಲಸ ಉಂಟಲ್ಲ, ಮದ್ದು ಬಿಡುವುದು, ಹೊರೆ ಹೊರುವುದು?

ಚಿಕಿತ್ಸೆ ಮುಗಿದು ಡಾಕ್ಟರು ಒಪ್ಪುವ ತನಕ ಮರ ಹತ್ತುವುದು, ಅಡಿಕೆಗೆ ಮದ್ದು ಸಿಂಪಡಿಸುವುದು, ಗೊಬ್ಬರದ ಬುಟ್ಟಿ ಹೊರುವುದು ಬೇಡ. ಹೊಟ್ಟೆಯ ಆಪರೇಶನ್ ಆದವರು, ಮಲ ಹೋಗಲು ಹೊಟ್ಟೆಗೆ ಚೀಲ ಜೋಡಿಸಿದವರು ಭಾರ ಎತ್ತಿದರೆ ಹರ್ನಿಯಾ ಆಗುವ ಸಂಭವ ಹೆಚ್ಚು. ಅಡಿಕೆ ಒಣಗಿಸುವ ಅಂಗಳ ನೋಡುವುದು, ನೀರು ಬಿಡುವುದು, ಕೂಲಿ ಲೆಕ್ಕ ಬರೆಯುವುದು ಆಗುತ್ತದೆ.

ಡಾಕ್ಟರಲ್ಲಿ ಯಾವ ಚೀಟಿ ಬರೆಸಬೇಕು?

“ಫಿಟ್” ಅಥವಾ “ಅನ್‌ಫಿಟ್” ಎಂಬ ಒಂದೇ ಪದದ ಚೀಟಿ ತರಬೇಡಿ. “ಇಂಥ ದಿನದಿಂದ ದಿನಕ್ಕೆ ನಾಲ್ಕು ಗಂಟೆ, ಕುಳಿತು ಮಾಡುವ ಕೆಲಸ, ಐದು ಕಿಲೋಗಿಂತ ಹೆಚ್ಚು ಎತ್ತಬಾರದು, ಆರು ವಾರದ ನಂತರ ಪುನಃ ಪರೀಕ್ಷೆ” ಎಂಬಂತೆ ಬರೆಸಿ. ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಗೊತ್ತಿರುವುದಿಲ್ಲ, ಬೆಳಗ್ಗಿನಿಂದ ಸಂಜೆಯ ತನಕ ಏನೇನು ಮಾಡುತ್ತೀರಿ ಎಂದು ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ ಅವರ ಮುಂದಿಡಿ. ಎಲ್ಲ ಕಾಗದಗಳ ಎರಡು ಸೆಟ್ ಜೆರಾಕ್ಸ್ ಮನೆಯಲ್ಲಿರಲಿ. 2020ರಲ್ಲಿ ಕೊರೊನಾ ಕಾಲಕ್ಕೆ ರಾಜ್ಯದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಫೈಲು ಮಂಗಳೂರಿನಲ್ಲಿ, ರೋಗಿ ಇಲ್ಲಿ ಎಂಬ ಸ್ಥಿತಿಯಲ್ಲಿ ನರಳಿದವರನ್ನು ನಾವು ಮರೆತಿಲ್ಲ.

## ರಜೆ, ಸಂಬಳ, ಕಾನೂನು

ನನಗೆ ಇಎಸ್‌ಐ ಹಿಡಿಯುತ್ತಾರೆ. ಅದರಿಂದ ಏನು ಸಿಗುತ್ತದೆ?

ಹೆಚ್ಚಿನವರು ಅಂದುಕೊಂಡದ್ದಕ್ಕಿಂತ ತುಂಬಾ ಹೆಚ್ಚು. ತಿಂಗಳ ಸಂಬಳ 21,000 ರೂಪಾಯಿಯ ತನಕ ಇರುವವರು ಇದರಲ್ಲಿ ಬರುತ್ತಾರೆ. ನಿಮ್ಮ ಸಂಬಳದಿಂದ ನೂರಕ್ಕೆ 0.75, ಮಾಲೀಕರಿಂದ 3.25 ಹೋಗುತ್ತದೆ. ಸಾಮಾನ್ಯ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದ ತನಕ ಸಂಬಳದ ನೂರಕ್ಕೆ 70 ಭಾಗ ಬರುತ್ತದೆ. ಅದು ಮುಗಿದ ಮೇಲೆ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗಳಿಗೆಂದೇ ವಿಸ್ತರಿತ ಸೌಲಭ್ಯ ಉಂಟು. ಅದರಲ್ಲಿ ನೂರಕ್ಕೆ 80ರಂತೆ ಎರಡು ವರ್ಷದ ತನಕ ಪಡೆಯಬಹುದು. ಅದಕ್ಕೆ ಎರಡು ವರ್ಷ ಬಿಡದೆ ಕೆಲಸದಲ್ಲಿದ್ದು, ಆ ಅವಧಿಯಲ್ಲಿ 156 ದಿನವಾದರೂ ವಂತಿಗೆ ಕಟ್ಟಿರಬೇಕು. ಹಾಗಿರುವಾಗ ಮೊದಲ ತಿಂಗಳೇ ಕೆಲಸ ಬಿಟ್ಟವರು ಕಳೆದುಕೊಳ್ಳುವುದು ಎಷ್ಟೆಂದು ನೀವೇ ಲೆಕ್ಕ ಹಾಕಿ.

2025ರ ನವೆಂಬರಿನ ತನಕ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ 73ನೆಯ ಸೆಕ್ಷನ್ ಸ್ಪಷ್ಟವಾಗಿ ಹೇಳಿದ್ದ ಮಾತು, ಕಾಯಿಲೆ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಕೆಲಸಗಾರನನ್ನು ತೆಗೆದುಹಾಕಬಾರದು, ಶಿಕ್ಷಿಸಬಾರದು. ಈಗಿನ ನಿಯಮವನ್ನು ಇಎಸ್‌ಐ ಕಚೇರಿಯಲ್ಲಿ ಕೇಳಿ. ಸರ್ಟಿಫಿಕೇಟನ್ನು ಇಎಸ್‌ಐ ಡಾಕ್ಟರರ ಮೂಲಕವೇ, ದಿನ ತಪ್ಪದೆ ಹಾಕಿ. ನಡುವೆ ಒಂದು ವಾರ ಬಿಟ್ಟುಹೋದರೆ ಆ ವಾರದ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ನಾನು ಎಯ್ಡೆಡ್ ಶಾಲೆಯ ಟೀಚರ್. ರಜೆ ಮುಗಿದುಹೋಗುತ್ತದೆ ಅಂತ ಭಯ.

ಅರ್ಧ ಸಂಬಳದ ರಜೆಯ ಲೆಕ್ಕ ತೆಗೆಸಿ ನೋಡಿ. ಕೇರಳ ಸೇವಾ ನಿಯಮದಲ್ಲಿ ಪೂರ್ತಿಯಾದ ಪ್ರತಿ ವರ್ಷಕ್ಕೆ 20 ದಿನ ಜಮೆಯಾಗುತ್ತದೆ. ಹದಿನೈದು ವರ್ಷ ಮುಟ್ಟದೆ ಇಟ್ಟವರ ಖಾತೆಯಲ್ಲಿ 300 ದಿನ ಇರುತ್ತದೆ. ವೈದ್ಯಕೀಯ ಸರ್ಟಿಫಿಕೇಟಿನ ಮೇಲೆ ಎರಡು ದಿನವನ್ನು ಒಂದಾಗಿ ಮಾಡಿ ಪೂರ್ಣ ಸಂಬಳದ ರಜೆಯಾಗಿಯೂ ಪಡೆಯಬಹುದು. ಕೆಟ್ಟ ವಾರಗಳಿಗೆ ಅದನ್ನು ಬಳಸಿ, ಒಳ್ಳೆಯ ವಾರ ಶಾಲೆಗೆ ಹೋಗಿ. ಆಸ್ಪತ್ರೆಯ ಖರ್ಚಿಗೆ ಕೇರಳ ಸರಕಾರದ ನೌಕರರ ಆರೋಗ್ಯ ವಿಮೆ ಮೆಡಿಸೆಪ್ ಇದೆ, ಯಾವ ಆಸ್ಪತ್ರೆ ಅದರ ಪಟ್ಟಿಯಲ್ಲಿದೆ ಎಂದು ಸೇರುವ ಮೊದಲೇ ಕೇಳಿ.

ಸಣ್ಣ ಅಂಗಡಿ, ಇಎಸ್‌ಐ ಇಲ್ಲ, ಪಿ.ಎಫ್. ಇಲ್ಲ. ತೆಗೆದುಹಾಕಿದರೆ ಯಾರಲ್ಲಿ ಹೇಳುವುದು?

ಸತ್ಯ ಹೇಳಬೇಕು. ಖಾಸಗಿ ಕೆಲಸದಲ್ಲಿ ಕ್ಯಾನ್ಸರ್ ಬಂದವರನ್ನು ತೆಗೆಯಲೇಬಾರದು ಎಂಬ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ಕೂಡ ಮುಂದುವರಿದ ಅನಾರೋಗ್ಯದ ಕಾರಣಕ್ಕೆ ತೆಗೆದರೆ ಅದನ್ನು ಸಿಬ್ಬಂದಿ ಕಡಿತ ಎಂದು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿತ್ತು. ಇದು ಅನ್ಯಾಯ ಎಂದು ನಾನು ತಿಳಿಯುತ್ತೇನೆ. ಆರು ತಿಂಗಳ ಚಿಕಿತ್ಸೆ “ಮುಂದುವರಿದ ಅನಾರೋಗ್ಯ” ಹೇಗಾಗುತ್ತದೆ?

ಆದರೂ ಕೈ ಖಾಲಿಯಿಲ್ಲ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಆರು ತಿಂಗಳು ಬಿಡದೆ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ಬಾಯಿಮಾತಿನಲ್ಲಿ “ನಾಳೆಯಿಂದ ಬೇಡ” ಎಂದರೆ ಅಸಿಸ್ಟೆಂಟ್ ಲೇಬರ್ ಆಫೀಸರಿಗೆ ಬರೆದು ದೂರು ಕೊಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ವರ್ಗದವರಿಗೆ, ಅಂಗವೈಕಲ್ಯ ಇರುವವರಿಗೆ ವರಮಾನ ಎಷ್ಟಿದ್ದರೂ ವಕೀಲರು ಉಚಿತ. ಅಲ್ಲಿಗೆ ಹೋಗುವ ಮೊದಲು ಪರಿಚಯದವರೊಬ್ಬರು ಧಣಿಗಳ ಜೊತೆ ಕುಳಿತು ಮಾತಾಡಲಿ. ನಮ್ಮ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಗಳ ಅಲ್ಲೇ ತೀರುತ್ತದೆ.

ಕೂಲಿ ಕೆಲಸ. ಹೋಗದ ದಿನ ದುಡ್ಡಿಲ್ಲ. ರಜೆ ಅಂತ ಯಾರು ಕೊಡ್ತಾರೆ?

ಹೋಗದ ದಿನದ ಕೂಲಿ ಯಾರೂ ಕೊಡುವುದಿಲ್ಲ, ಆದರೆ ನೀವು ಯಾವ ಕ್ಷೇಮನಿಧಿಯಲ್ಲಿದ್ದೀರಿ ಎಂದು ನೋಡಿ. ಕಟ್ಟಡ ಕೆಲಸ, ಆಟೋ, ಹೊಲಿಗೆ, ಕೃಷಿ ಕೂಲಿ, ಹೊರೆ, ಮೀನುಗಾರಿಕೆ, ಬೀಡಿ ಹೀಗೆ ಕೇರಳದಲ್ಲಿ ಬೇರೆ ಬೇರೆ ಮಂಡಳಿಗಳಿವೆ, ಹಲವುಗಳಲ್ಲಿ ಚಿಕಿತ್ಸಾ ಸಹಾಯ ಇದೆ. ವಂತಿಗೆ ಬಾಕಿಯಾದರೆ ಸದಸ್ಯತ್ವ ತಪ್ಪುತ್ತದೆ, ಚಿಕಿತ್ಸೆಯ ಗಡಿಬಿಡಿಯಲ್ಲಿ ಅದನ್ನು ಮರೆಯಬೇಡಿ. ಬೀಡಿಯವರಿಗೆ ಕೇಂದ್ರದ ಕಲ್ಯಾಣ ನಿಧಿಯಿಂದಲೂ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಉಂಟು, ಗುರುತು ಚೀಟಿ ಬೇಕು. ಕ್ಯಾನ್ಸರ್ ರೋಗಿಗಳಿಗೆ ಕಂದಾಯ ಇಲಾಖೆಯ ಪಿಂಚಣಿಯೂ ಇದೆ, ವರಮಾನದ ಮಿತಿ ಉಂಟು. ವಿಲೇಜ್ ಆಫೀಸಿನಲ್ಲಿ ಕೇಳಿ.

ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಡುಂಬಶ್ರೀ ಘಟಕದಲ್ಲಿರುವವರು ಒಂದು ಕೆಲಸ ಮಾಡಬಹುದು. ಹಪ್ಪಳ, ಉಪ್ಪಿನಕಾಯಿಯ ಘಟಕವೊಂದರಲ್ಲಿ ಒಬ್ಬರಿಗೆ ಕೀಮೋ ಆದಾಗ ಉಳಿದ ಏಳು ಮಂದಿ ಬೆಂಕಿ, ಖಾರದ ಕೆಲಸ ಹಂಚಿಕೊಂಡು ಅವರಿಗೆ ಲೇಬಲ್ ಅಂಟಿಸುವುದು, ಫೋನಿನಲ್ಲಿ ಆರ್ಡರ್ ಬರೆಯುವುದು ಬಿಟ್ಟುಕೊಟ್ಟರು. ಪಾಲು ಕಡಿಮೆ ಮಾಡಲಿಲ್ಲ.

ಮನೆ ಮಂಜೇಶ್ವರ, ಕೆಲಸ ಮಂಗಳೂರು. ನಾನು ಯಾವ ಸರಕಾರಕ್ಕೆ ಸೇರಿದವಳು?

ಈ ಪ್ರಶ್ನೆಗೆ ನಮ್ಮ ಗಡಿಯಲ್ಲಿ ದಿನಾ ಬೆಲೆ ತೆರುತ್ತೇವೆ. ಸರಳವಾಗಿ ಹೀಗೆ ನೆನಪಿಡಿ. ಕೆಲಸಕ್ಕೆ ಸಂಬಂಧಿಸಿದ ದೂರು, ರಜೆ, ನೋಟಿಸು ಎಲ್ಲ ಕೆಲಸ ಇರುವ ಕಡೆಯದು, ಅಂದರೆ ಕರ್ನಾಟಕದ ಕಾನೂನು ಮತ್ತು ಅಲ್ಲಿನ ಕಾರ್ಮಿಕ ಇಲಾಖೆ. ರೇಷನ್ ಕಾರ್ಡು ನೋಡಿ ಕೊಡುವಂಥದ್ದೆಲ್ಲ ಕೇರಳದ್ದು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ ಚಿಕಿತ್ಸೆ ಕೊಡುವ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಅಂಥದ್ದು. ಮಂಗಳೂರಿನ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ಅಡ್ಮಿಟ್ ಆಗುವ ಮೊದಲೇ ಕೇಳಬೇಕು. ಇಎಸ್‌ಐ, ಪಿ.ಎಫ್. ಕೇಂದ್ರದವು, ಅವುಗಳಿಗೆ ತಲಪಾಡಿಯ ಗಡಿ ಅಡ್ಡಿಯಲ್ಲ. ಪಿ.ಎಫ್.ನಿಂದ ಚಿಕಿತ್ಸೆಗೆ ತೆಗೆದ ಮುಂಗಡವನ್ನು ಮರಳಿ ಕಟ್ಟಬೇಕಾಗಿಲ್ಲ, ಆದರೆ ಅದು ನಿಮ್ಮ ಮುಪ್ಪಿನ ಹಣ, ಕೊನೆಗೆ ಮುಟ್ಟಿ.

ಫಾರಂ ಎಲ್ಲ ಮಲಯಾಳದಲ್ಲಿ. ಓದ್ಲಿಕ್ಕೆ ಬರುವುದಿಲ್ಲ.

ಕನ್ನಡದಲ್ಲಿ ಬರೆದುಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ವ್ಯವಹರಿಸುವ ಹಕ್ಕು ಇದೆ, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಹಕ್ಕು ಇದ್ದರೂ ಕಡತ ನಿಧಾನವಾದೀತು ಎಂಬ ಭಯವಿದ್ದರೆ ಸರಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಮಲಯಾಳದ ಫಾರಂ ತುಂಬಿಸಿ, ಜೊತೆಗೆ ಕನ್ನಡದ ಅರ್ಜಿ ಲಗತ್ತಿಸಿ. ಅರ್ಥವಾಗದ ಕಾಗದಕ್ಕೆ ರುಜು ಹಾಕಬೇಡಿ. “ಸ್ವಂತ ಇಚ್ಛೆಯಿಂದ ಬಿಡುತ್ತೇನೆ” ಎಂದು ಬರೆದ ಹಾಳೆಗೆ ರಜೆ ಅರ್ಜಿ ಎಂದು ತಿಳಿದು ರುಜು ಹಾಕಿದ ಹೆಂಗಸನ್ನು ನಾನು ಬಲ್ಲೆ.

## ಮರಳುವ ದಾರಿ

ಚಿಕಿತ್ಸೆ ಎಲ್ಲ ಮುಗಿಯಿತು. ಆದರೂ ಮೊದಲಿನ ಹಾಗೆ ಆಗುವುದಿಲ್ಲ, ಮರೆವು ಬೇರೆ.

ಎಲ್ಲರೂ ಸಿಹಿ ಹಂಚಿ, ತಲೆಗೂದಲು ಬಂತು ಎಂದು ಸಂತೋಷಪಟ್ಟು, ನಿಮ್ಮಿಂದ ಹಳೆಯ ವೇಗ ಬಯಸುವುದು ಈ ಹೊತ್ತಿಗೆ. ನನಗೆ ಅತ್ಯಂತ ಕಷ್ಟದ ತಿಂಗಳುಗಳು ಇವೇ. ಕ್ಯಾನ್ಸರಿನ ಸುಸ್ತು ನಿದ್ದೆ ಮಾಡಿದರೆ ಹೋಗುವ ದಣಿವಲ್ಲ. ಚಿಕಿತ್ಸೆ ಮುಗಿದು ತಿಂಗಳುಗಳು, ಕೆಲವರಿಗೆ ವರ್ಷವೇ ಇರುತ್ತದೆ. ಹೆಸರು ಮರೆಯುವುದು, ಕೂಡಿಸಿದ ಲೆಕ್ಕ ತಪ್ಪುವುದು ಕೀಮೋ ಆದ ಹಲವರಿಗೆ ಉಂಟು. ಹುಚ್ಚಲ್ಲ, ಸೋಮಾರಿತನವೂ ಅಲ್ಲ.

ಒಮ್ಮೆಲೇ ಪೂರ್ತಿ ದಿನಕ್ಕೆ ಇಳಿಯಬೇಡಿ. ಮೊದಲ ಎರಡು ವಾರ ಅರ್ಧ ದಿನ, ಮತ್ತೆರಡು ವಾರ ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ಪೂರ್ತಿ. ಲೆಕ್ಕದ ಕೆಲಸವನ್ನು ಬೆಳಗ್ಗೆ, ತಲೆ ತಿಳಿಯಾಗಿರುವಾಗ ಮುಗಿಸಿ. ಏನನ್ನೂ ನೆನಪಿಗೆ ಬಿಡದೆ ಬರೆದಿಡಿ. ದಿನಾ ಅರ್ಧ ಗಂಟೆ ನಡೆಯಿರಿ. ರಕ್ತಹೀನತೆ, ಥೈರಾಯ್ಡ್ ಇದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ, ಏಕೆಂದರೆ ಅವುಗಳಿಗೆ ಮದ್ದಿದೆ. ಸ್ತನ ಕ್ಯಾನ್ಸರಿನವರು ಐದು ಹತ್ತು ವರ್ಷ ನುಂಗುವ ಹಾರ್ಮೋನ್ ಮಾತ್ರೆಯಿಂದ ಕೆಲವರಿಗೆ ಗಂಟು ನೋವು, ಮೈ ಬಿಸಿಯಾಗುವುದು ಇರುತ್ತದೆ. ಫ್ಯಾನಿನ ಹತ್ತಿರದ ಕುರ್ಚಿ ಕೇಳುವುದರಲ್ಲಿ ನಾಚಿಕೆ ಬೇಡ.

ಸ್ತನದ ಆಪರೇಶನ್ ಆದ ಕಡೆಯ ಕೈ ಬಾತುಕೊಳ್ಳುತ್ತದೆ. ಬೋರ್ಡಿನಲ್ಲಿ ಬರೆಯಬಹುದಾ?

ಬರೆಯಬಹುದು, ನಡುನಡುವೆ ಕೈ ಇಳಿಸಿ. ಕಂಕುಳದ ಗಂಟುಗಳನ್ನು ತೆಗೆದ ಕಡೆ ನೀರು ನಿಲ್ಲುವುದರಿಂದ ಬಾವು ಬರುತ್ತದೆ. ಫಿಸಿಯೋಥೆರಪಿಯವರಿಂದ ವ್ಯಾಯಾಮ ಕಲಿಯಿರಿ, ಬಿಗಿ ತೋಳುಚೀಲ ಬೇಕಾದರೆ ಅವರೇ ಅಳತೆ ಕೊಡುತ್ತಾರೆ. ಆ ಕೈಗೆ ಗಾಯ, ಸುಟ್ಟದ್ದು ಆಗದ ಹಾಗೆ ನೋಡಿಕೊಳ್ಳಿ. ಕೆಂಪಾಗಿ ಬಿಸಿಯಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಗಂಟಲಿನ ಆಪರೇಶನ್ ಆಗಿ ನಮ್ಮ ಮಾಷ್ಟ್ರ ಸ್ವರವೇ ಹೋಯಿತು. ಇನ್ನು ಕೆಲಸ ಹೋದ ಹಾಗೆಯೇ ಅಲ್ವಾ?

ಅಲ್ಲ, ಇಲ್ಲಿ ಕಾನೂನು ಅವರ ಪರ ಗಟ್ಟಿಯಾಗಿ ನಿಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಕ್ಯಾನ್ಸರ್ ಎಂಬ ಹೆಸರಿಲ್ಲ. ಆದರೆ ಕ್ಯಾನ್ಸರ್ ಬಿಟ್ಟುಹೋದ ನಷ್ಟಗಳು ಅದರಲ್ಲಿ ಬರುತ್ತವೆ. ಧ್ವನಿಪೆಟ್ಟಿಗೆ ತೆಗೆದದ್ದರಿಂದ ಆದ ಮಾತಿನ ಅಂಗವೈಕಲ್ಯವನ್ನು ಹೆಸರು ಹೇಳಿಯೇ ಸೇರಿಸಲಾಗಿದೆ. ಕಾಲು ತೆಗೆದರೆ ಚಲನೆಯ ಅಂಗವೈಕಲ್ಯ. ಅದೇ ಕಾಯ್ದೆಯ 20ನೆಯ ಸೆಕ್ಷನ್ನಿನಂತೆ ಸರಕಾರಿ ಸಂಸ್ಥೆ, ಅಂದರೆ ಸರಕಾರದ ಅನುದಾನ ಪಡೆಯುವ ಸಂಸ್ಥೆಯೂ ಸೇರಿ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ. ಅದೇ ಸಂಬಳದ ಬೇರೆ ಕೆಲಸಕ್ಕೆ ಹಾಕಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಸಿಗುವ ತನಕ ಅಥವಾ ನಿವೃತ್ತಿಯ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು.

ಮೊದಲು ವೈದ್ಯಕೀಯ ಮಂಡಳಿಯಿಂದ ಅಂಗವೈಕಲ್ಯದ ಸರ್ಟಿಫಿಕೇಟು ಪಡೆಯಿರಿ. ಆಮೇಲೆ ಲೈಬ್ರರಿ, ಲ್ಯಾಬು, ಆಫೀಸು, ಯಾವುದು ಒಪ್ಪುತ್ತದೆ ಎಂದು ಮಾಷ್ಟ್ರೇ ಬರೆದುಕೊಡಲಿ. ಧ್ವನಿಪೆಟ್ಟಿಗೆ ಇಲ್ಲದವರಿಗೂ ಮಾತಾಡುವ ಉಪಕರಣಗಳಿವೆ, ಸ್ಪೀಚ್ ಥೆರಪಿಯಿಂದ ಕಲಿಯಬಹುದು.

ಗಲ್ಫಿನಿಂದ ಚಿಕಿತ್ಸೆಗೆ ಬಂದೆ. ವೀಸಾ ಹೋಗುತ್ತದಾ?

ವೀಸಾ ಆ ದೇಶದ ಕಾನೂನಿಗೆ, ನಿಮ್ಮ ಕರಾರಿಗೆ ಬಿಟ್ಟದ್ದು. ಹೊರಡುವ ಮೊದಲು ರಜೆಯನ್ನು ಬರಹದಲ್ಲಿ ಪಡೆಯಿರಿ, ಬರಬೇಕಾದ ಬಾಕಿಯ ಲೆಕ್ಕವನ್ನೂ ಬರೆಸಿ. ಮರಳಲಾಗದೆ ಇಲ್ಲೇ ನಿಂತವರಿಗೆ ನೋರ್ಕಾದ (ಹೊರನಾಡಿನ ಕೇರಳೀಯರಿಗಾಗಿ ಇರುವ ಸರಕಾರಿ ಇಲಾಖೆ) ಸಾಂತ್ವನ ಯೋಜನೆಯಲ್ಲಿ ಚಿಕಿತ್ಸಾ ನೆರವು ಉಂಟು.

ನಾನು ಅಂಗಡಿ ಇಟ್ಟವನು. ನನ್ನಲ್ಲಿ ಕೆಲಸಕ್ಕಿರುವ ಹುಡುಗಿಗೆ ಬಂದಿದೆ. ಏನು ಮಾಡಲಿ?

ಈ ಪ್ರಶ್ನೆ ಕೇಳಿದವರು ಈ ತನಕ ನಾಲ್ಕೇ ಮಂದಿ. ನಾಲ್ಕು ಮಂದಿಗೂ ನಾನು ಕೈ ಮುಗಿದಿದ್ದೇನೆ.

ಅವಳ ಪರವಾಗಿ ನೀವು ತೀರ್ಮಾನಿಸಬೇಡಿ, ಅವಳನ್ನೇ ಕೇಳಿ. ಅವಳು ಮಾಡುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬಟ್ಟೆ ಅಂಗಡಿಯಾದರೆ ಮೇಲಿನ ಅಟ್ಟದಿಂದ ಕಟ್ಟು ಇಳಿಸುವುದು, ಸೀರೆ ಬಿಡಿಸಿ ತೋರಿಸುವುದು, ಮಡಚುವುದು, ಬಿಲ್ಲು ಹಾಕುವುದು. ಅದರಲ್ಲಿ ಅಟ್ಟದ ಕೆಲಸ ಒಂದನ್ನು ಬೇರೆಯವರಿಗೆ ಕೊಟ್ಟರೆ ಉಳಿದದ್ದು ಅವಳಿಂದ ಆಗಬಹುದು. ಇಡೀ ದಿನ ನಿಲ್ಲಿಸುವ ಅಂಗಡಿಗಳಿವೆ, ಅಲ್ಲಿ ಒಂದು ಸ್ಟೂಲು ಸಾಕು. ಕೇರಳದಲ್ಲಿ ಅಂಗಡಿ ಕೆಲಸದವರಿಗೆ ಕುಳಿತುಕೊಳ್ಳುವ ಹಕ್ಕನ್ನು 2018ರಲ್ಲೇ ಕಾನೂನಾಗಿ ಮಾಡಿದ್ದಾರೆ. ಬದಲಿಗೆ ಒಬ್ಬರನ್ನು ತೆಗೆದುಕೊಳ್ಳುವಾಗ ಎಂದಿನ ತನಕ ಎಂದು ಅವರಿಗೂ ಹೇಳಿ, ಇವಳಿಗೂ ಹೇಳಿ. ಬಂದ ದಿನದ ಸಂಬಳವನ್ನಾದರೂ ಕಡಿಮೆ ಮಾಡಬೇಡಿ. ವಾರಕ್ಕೊಮ್ಮೆ ಒಬ್ಬರೇ ಫೋನ್ ಮಾಡಿ. ಹತ್ತು ಮಂದಿ ಮಾಡಿದರೆ ಅವಳು ಹತ್ತು ಸಲ ಅದೇ ಕಥೆ ಹೇಳಬೇಕಾಗುತ್ತದೆ.

ಒಂದು ವರ್ಷ ಮನೆಯಲ್ಲಿದ್ದೆ. ಹೊಸ ಕೆಲಸಕ್ಕೆ ಹೋದರೆ ಆ ವರ್ಷ ಏನು ಮಾಡಿದೆ ಅಂತ ಕೇಳ್ತಾರೆ.

ಸುಳ್ಳು ಬೇಡ, ವಿವರವೂ ಬೇಡ. “ಆರೋಗ್ಯದ ಕಾರಣಕ್ಕೆ ಬಿಡುವು ತೆಗೆದುಕೊಂಡಿದ್ದೆ, ಚಿಕಿತ್ಸೆ ಮುಗಿದಿದೆ, ಈ ಕೆಲಸಕ್ಕೆ ಅಡ್ಡಿಯಿಲ್ಲ.” ಇಷ್ಟು ಹೇಳಿ ಕೆಲಸದ ಮಾತಿಗೆ ಹೊರಳಿ. ವಿಮೆಯ ಫಾರಂ ತುಂಬುವಾಗ ಮಾತ್ರ ರೋಗವನ್ನು ಮುಚ್ಚಬೇಡಿ, ಮುಂದೆ ಹಣ ಸಿಗದೆ ಹೋಗುತ್ತದೆ.

ಪೂರ್ತಿ ಗುಣ ಆಗುವುದಿಲ್ಲ ಅಂತ ಹೇಳಿದ್ದಾರೆ. ಆದರೂ ಕೆಲಸಕ್ಕೆ ಹೋಗ್ಬೇಕು ಅಂತ ಉಂಟು. ತಪ್ಪಾ?

ತಪ್ಪಲ್ಲ. ಹರಡಿದ ಕ್ಯಾನ್ಸರಿನ ಜೊತೆ ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ದುಡಿಯುವವರು ಈಗ ಎಷ್ಟೋ ಮಂದಿ ಇದ್ದಾರೆ. ನೋವು ಹತೋಟಿಯಲ್ಲಿದ್ದರೆ ಕೆಲಸ ಆಗುತ್ತದೆ. ಅದಕ್ಕೆ ಪಾಲಿಯೇಟಿವ್ ತಂಡವನ್ನು ಮೊದಲೇ ಸೇರಿಕೊಳ್ಳಿ, ಅದು ಕೊನೆಯ ದಿನಗಳಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಕೇರಳದಲ್ಲಿ 2008ರಿಂದ ಇದಕ್ಕೊಂದು ಸರಕಾರಿ ನೀತಿಯೇ ಇದೆ, ಪಂಚಾಯತಿನ ನರ್ಸ್ ಮನೆಗೆ ಬರುತ್ತಾರೆ. ಮಾರ್ಫಿನ್ ಮಾತ್ರೆ ತೆಗೆದುಕೊಳ್ಳುವವರು ಹೊಸದಾಗಿ ಶುರು ಮಾಡಿದಾಗ, ಪ್ರಮಾಣ ಏರಿಸಿದಾಗ ವಾಹನ, ಯಂತ್ರ ನಡೆಸಬಾರದು. ಉಳಿದ ಕೆಲಸಕ್ಕೆ ಅಡ್ಡಿಯಿಲ್ಲ.

ನೀರ್ಚಾಲಿನ ಕಡೆ ಒಬ್ಬರು ಅಣ್ಣ ಇದ್ದರು. ಹಾಲಿನ ಸೊಸೈಟಿಯಲ್ಲಿ ಬೆಳಗ್ಗೆ ಎರಡು ಗಂಟೆ ಹಾಲು ಅಳೆದು ಪುಸ್ತಕ ಬರೆಯುವ ಕೆಲಸ. ಮೊದಲು ಅಳೆಯುವುದನ್ನು ಇನ್ನೊಬ್ಬರಿಗೆ ಬಿಟ್ಟರು, ಆಮೇಲೆ ನಿಲ್ಲುವುದನ್ನು ಬಿಟ್ಟರು, ಪುಸ್ತಕ ಬಿಡಲಿಲ್ಲ. ಸೊಸೈಟಿಗೆ ನಡೆಯಲಾಗದ ವಾರ ಸೊಸೈಟಿಯವರೇ ಪುಸ್ತಕವನ್ನು ಮನೆಗೆ ತಂದು ಮಂಚದ ಪಕ್ಕ ಇಟ್ಟು, ಸಂಜೆ ಬಂದು ಒಯ್ಯುತ್ತಿದ್ದರು. ನರ್ಸ್ ಬರುವ ಹೊತ್ತನ್ನು ಅವರು ಕೇಳಿ ಮಧ್ಯಾಹ್ನಕ್ಕೆ ಬದಲಿಸಿಕೊಂಡಿದ್ದರು. ಬೆಳಗ್ಗೆ ಅವರಿಗೆ ಡ್ಯೂಟಿ ಇತ್ತು.